ಓದುಗರ ಪ್ರಶ್ನೆ: ಸೇವಂತಿಗೆ ಬಳಗದಲ್ಲೂ ಮರ ಇದ್ಯಾ?

ಪ್ರಶ್ನೆ: ಅಕ್ಕಾ, ಪಟ್ಟಣ ನೋಡೋಕೆ ಬರೋರಿಗೆ ನಾನು ಕೋಟೆ, ದರಿಯಾ ದೌಲತ್ ಎಲ್ಲ ಸುತ್ತಿಸಿ ತೋರಿಸ್ತೀನಿ. ಮೊನ್ನೆ ಬಂದಿದ್ದ ಒಬ್ರು, ನೆಪೋಲಿಯನ್‌ನ ಕೊನೇಲಿ ಇಟ್ಟಿದ್ರಲ್ಲ ಸೇಂಟ್ ಹೆಲೆನಾ ದ್ವೀಪ, ಅಲ್ಲಿ ಸೇವಂತಿಗೆ ಮರದಂಗೆ ಬೆಳೀತದೆ, ಬೇರೆಲ್ಲೂ ಇಲ್ಲ ಅಂದ್ರು. ತಮಾಸೆಗೆ ಅಂದ್ರೋ ನಿಜಾನೋ, ಒಸಿ ಬುಡಿಸಿ ಹೇಳಿ. (ಗಂಜಾಂನಿಂದ ಒಬ್ಬ ಓದುಗರು)

ಉತ್ತರ: ನಿಜಾನೇ ತಮ್ಮಾ. ಸೇವಂತಿಗೇನೇ ಮರ ಆಗಲ್ಲ, ಸೇವಂತಿಗೆ ಬಳಗದ ಬೇರೆ ಗಿಡಗಳು ಅಲ್ಲಿ ಮರ ಆಗಿವೆ. ಈ ಬಳಗಕ್ಕೆ ಆಸ್ಟರೇಸಿ ಅಂತಾರೆ, 25,000ಕ್ಕೂ ಮೇಲೆ ಜಾತಿ ಇರೋ ದೊಡ್ಡ ಸಂಸಾರ. ನಮ್ ಕಡೆ ಸೂರ್ಯಕಾಂತಿ, ಚೆಂಡು ಹೂವು, ಹುಚ್ಚೆಳ್ಳು, ಕುಸುಬೆ, ಗರುಗದ ಸೊಪ್ಪು, ಕೊನೆಗೆ ಮೈಯೆಲ್ಲ ಕಡಿತ ಹತ್ತಿಸೋ ಆ ಹಾಳು ಕಾಂಗ್ರೆಸ್ ಗಿಡಾನೂ ಇದೇ ಮನೆತನ. ಗುರುತು ಹಿಡಿಯೋದು ಹೆಂಗೆ ಅಂದ್ರೆ, ಮುಂದಿನ ಸಲ ಸೂರ್ಯಕಾಂತಿ ಹೂವು ಕೈಗೆ ಸಿಕ್ಕಾಗ ನಡುವಿಂದ ಉಗುರಲ್ಲಿ ಒಂದೇ ಒಂದು ಎಳೆ ಕಿತ್ತು ನೋಡಿ, ಸಣ್ಣ ಕೊಳವೆ, ತುದೀಲಿ ಐದು ಹಲ್ಲು, ಕೆಳಗೆ ಇನ್ನೂ ಬೆಳ್ಳಗಿರೋ ಎಳೆ ಬೀಜ, ಅದೇ ಒಂದು ಪೂರ್ತಿ ಹೂವು. ಸುತ್ತ ದಳ ಅಂತ ಕಾಣೋದು ಇದ್ಯಲ್ಲ, ಅದೂ ಒಂದೊಂದು ಹೂವೇ. ನಾವು ಒಂದು ಹೂವು ಅಂತ ಮುಡ್ಕೊಳ್ಳೋದು ನೂರಾರು ಹೂವಿನ ಜಾತ್ರೆ.

ಈಗ ದ್ವೀಪದ ವಿಷ್ಯ. ಆಫ್ರಿಕಾ ದಡದಿಂದ ಸುಮಾರು 1,900 ಕಿಲೋಮೀಟರ್ ದೂರ, ಅಟ್ಲಾಂಟಿಕ್ ಸಾಗರದ ನಡುವೆ ಒಂಟಿ ಜ್ವಾಲಾಮುಖಿ ಬೆಟ್ಟ. ಎಲ್ಲಾ ಸೇರಿ 122 ಚದರ ಕಿಲೋಮೀಟರ್, ಹೆಚ್ಚೂಕಮ್ಮಿ ಮೈಸೂರು ಸಿಟಿಯಷ್ಟು. ಅಲ್ಲಿನ ಅತಿ ಎತ್ತರದ ಶಿಖರ ಡಯಾನಾಸ್ ಪೀಕ್ ಸುಮಾರು 820 ಮೀಟರ್, ಮೈಸೂರಿನ ನೆಲಾನೇ ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 770 ಮೀಟರ್ ಇದೆ, ಅಂದ್ರೆ ಆ ಶಿಖರ ಹತ್ತಿದೋನು ನಮ್ ಅರಮನೆ ಮುಂದೆ ಚುರುಮುರಿ ತಿಂತಾ ನಿಂತೋನಿಗಿಂತ ಒಂದೈವತ್ತು ಮೀಟರ್ ಮೇಲೆ ಇರ್ತಾನೆ ಅಷ್ಟೇ! ಆದ್ರೆ ಅಷ್ಟರಲ್ಲೇ ಕೆಳಗೆ ಕಡಲ ಪಕ್ಕ ಬೆಂಗಾಡು, ಮೇಲೆ ಮಂಜು ಮುಸುಕಿದ ಕಾಡು. ಆ ಮಂಜಿನ ಕಾಡಲ್ಲಿ ಬ್ಲ್ಯಾಕ್ ಕ್ಯಾಬೇಜ್ ಅನ್ನೋ ಮರ (ಎಲೆಕೋಸಿಗೂ ಅದಕ್ಕೂ ಯಾವ ಸಂಬಂಧಾನೂ ಇಲ್ಲ), ನಡುವಿನ ಎತ್ತರದಲ್ಲಿ ಕೊಡೆ ಬಿಚ್ಚಿದಂಗೆ ಹರಡೋ ಗಮ್‌ವುಡ್, ಕೆಳಗೆ ಒಣ ಬಂಡೆಗಳಲ್ಲಿ ಸ್ಕ್ರಬ್‌ವುಡ್ ಅನ್ನೋ ಪೊದೆ. ಮೂರೂ ಸೇವಂತಿಗೆ ಬಳಗ, ಮೂರೂ ಆ ದ್ವೀಪ ಬಿಟ್ರೆ ಜಗತ್ತಲ್ಲಿ ಎಲ್ಲೂ ತಾವಾಗಿ ಬೆಳೆಯಲ್ಲ.

ನನಗೆ ಇವುಗಳಲ್ಲಿ ಜಾಸ್ತಿ ಇಷ್ಟ ಆಗೋದು ಆ ಪೊದೆ. ಮರಗಳ ಬಗ್ಗೆ ಎಲ್ಲರೂ ಬರೀತಾರೆ, ಪೊದೇನ ಕೇಳೋರಿಲ್ಲ. ಅದರ ಹೆಸರು ಕಾಮಿಡೆಂಡ್ರಮ್ ರುಗೋಸಮ್, ರುಗೋಸಮ್ ಅಂದ್ರೆ ಲ್ಯಾಟಿನ್‌ನಲ್ಲಿ ಸುಕ್ಕು ಸುಕ್ಕಾದದ್ದು, ಎಲೆ ಹಂಗೇ ಇರುತ್ತೆ. ಆಳೆತ್ತರಕ್ಕೆಲ್ಲ ಹೋಗಲ್ಲ, ಕಡಲ ಗಾಳಿಗೆ ಮೈ ಕುಗ್ಗಿಸ್ಕೊಂಡು ಮಂಕರಿ ಬೋರಲು ಹಾಕಿದಂಗೆ ಗುಂಡಗೆ ಕೂತ್ಕೊಳುತ್ತೆ. ಬಂಡೆ ಸಂದೀಲಿ ಒಂದು ಹಿಡಿ ಮಣ್ಣು, ಮಳೆ ಕಮ್ಮಿ, ಗಾಳಿ ತುಂಬ ಉಪ್ಪು, ಅಂಥ ಕಡೆ ಅದು ಬಿಳೀ ಡೇಸಿ ಹೂವು ಬಿಟ್ಕೊಂಡು ನಿಂತಿರುತ್ತೆ. ಕರಿಘಟ್ಟದ ಬಂಡೆ ಮೇಲೆ ಏಪ್ರಿಲ್ ಬಿಸಿಲಲ್ಲಿ ಒಂದು ಗಂಟೆ ನಿಂತ್ರೆ ಅದರ ಬದುಕು ಎಂಥದ್ದು ಅಂತ ಸ್ವಲ್ಪ ತಿಳಿಯುತ್ತೆ, ಅಲ್ಲೂ ಉಪ್ಪು ಗಾಳಿ ಒಂದು ಬಾಕಿ.

ಸೊಪ್ಪಿನ ಜಾತಿ ಯಾಕೆ ಮರ ಆಯ್ತು ಅಂದ್ರೆ, ಡಾರ್ವಿನ್ ಹೇಳಿದ್ದು ಸುಲಭವಾಗಿದೆ. 1836ರಲ್ಲಿ ಅವನು ಆ ದ್ವೀಪಕ್ಕೂ ಹೋಗಿದ್ದ. 1859ರ ಪುಸ್ತಕದಲ್ಲಿ ದ್ವೀಪಗಳ ಬಗ್ಗೆ ಬರೀತಾ ಏನಂದ ಅಂದ್ರೆ, ಅಷ್ಟು ದೂರಕ್ಕೆ ದೊಡ್ಡ ಮರದ ಬೀಜ ಬರೋದು ಕಷ್ಟ, ಸಣ್ಣ ಗಿಡ ಹೆಂಗೋ ಬಂದು ಸೇರುತ್ತೆ, ಬಂದ ಮೇಲೆ ತಲೆ ಮೇಲೆ ನೆರಳು ಹಾಕೋ ಮರಗಳೇ ಇಲ್ಲ, ಪಕ್ಕದೋನಿಗಿಂತ ಒಂದು ಗೇಣು ಮೇಲೆ ಹೋದೋನಿಗೆ ಬಿಸಿಲು ಜಾಸ್ತಿ, ಹಿಂಗೇ ತಲೆಮಾರು ತಲೆಮಾರು ಮೇಲೆ ಮೇಲೆ ಹೋಗಿ ಪೊದೆ ಆಯ್ತು, ಮರ ಆಯ್ತು. ಯಜಮಾನ ಇಲ್ಲದ ಮನೇಲಿ ಚಿಕ್ಕೋನೇ ಯಜಮಾನ ಆದಂಗೆ.

ನೀವು ಪಟ್ಟಣದೋರು ಅಂತ ಇನ್ನೊಂದು ಹೇಳ್ತೀನಿ, ಪ್ರವಾಸಿಗಳಿಗೆ ಹೇಳೋಕೆ ಚೆನ್ನಾಗಿರುತ್ತೆ. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುಗೆ ಬರೆದ ಕಾಗದ ಬ್ರಿಟಿಷರ ಕೈಗೆ ಸಿಕ್ಕಿಬಿಡ್ತು, ಅದೇ ವರ್ಷ ಮೇ 4ಕ್ಕೆ ಪಟ್ಟಣ ಬಿತ್ತು. ಆಮೇಲೆ ನಿಮ್ ದರಿಯಾ ದೌಲತ್‌ನಲ್ಲಿ ವಾಸ ಇದ್ದ ಆರ್ಥರ್ ವೆಲ್ಲೆಸ್ಲಿ (ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದ ಇಂಗ್ಲಿಷ್ ಸೇನಾಪತಿ) 1805ರಲ್ಲಿ ಊರಿಗೆ ವಾಪಸ್ ಹೋಗ್ತಾ ಸೇಂಟ್ ಹೆಲೆನಾದಲ್ಲಿ ಬ್ರಯರ್ಸ್ ಅನ್ನೋ ಮನೇಲಿ ಇಳ್ಕೊಂಡಿದ್ದ, ಹತ್ತು ವರ್ಷ ಕಳೆದು ಅವನ ಕೈಲೇ ಸೋತ ನೆಪೋಲಿಯನ್ ಶುರುವಲ್ಲಿ ಸುಮಾರು ಎರಡು ತಿಂಗಳು ಉಳ್ಕೊಂಡಿದ್ದೂ ಅದೇ ಬ್ರಯರ್ಸ್‌ನಲ್ಲಿ. ಇದಕ್ಕಿಂತ ಮುಖ್ಯ, ಗಿಡದ ದೃಷ್ಟಿಯಿಂದ, ಅಲೆಕ್ಸಾಂಡರ್ ಬೀಟ್ಸನ್ ಅನ್ನೋನು. ಪಟ್ಟಣದ ಮುತ್ತಿಗೇಲಿ ಇಂಗ್ಲಿಷ್ ಸೇನೆಯ ಸರ್ವೇಯರ್ ಜನರಲ್, ಟಿಪ್ಪು ಜೊತೆಗಿನ ಯುದ್ಧದ ಬಗ್ಗೆ 1800ರಲ್ಲಿ ಪುಸ್ತಕ ಬರೆದೋನು, ಅದೇ ಮನುಷ್ಯ 1808ರಿಂದ 1813ರವರೆಗೆ ಸೇಂಟ್ ಹೆಲೆನಾ ಗವರ್ನರ್. ಅಲ್ಲಿ ಕಾಡು ಯಾಕೆ ಹಾಳಾಯ್ತು ಅಂತ ಹಳೇ ಕಡತ ತೆಗೆಸಿ ಓದಿ ಬರೆದಿಟ್ಟ, 1816ರಲ್ಲಿ ಅಚ್ಚಾದ ಆ ಪುಸ್ತಕದ ಜೊತೆಗೇ ಕಲ್ಕತ್ತದ ಗಾರ್ಡನ್ ನೋಡ್ಕೊಂಡಿದ್ದ ರಾಕ್ಸ್‌ಬರ್ಗ್ 1813-14ರಲ್ಲಿ ಅಲ್ಲಿ ಕಂಡ ಗಿಡಗಳ ಪಟ್ಟಿಯೂ ಇದೆ. ನಮ್ ಊರು ಕೆಡವಿದೋನು ಅಲ್ಲಿ ಹೋಗಿ ಮರದ ಲೆಕ್ಕ ಬರೀತಾ ಕೂತಿದ್ದ ಅಂತ ಓದಿದಾಗ ನನಗೆ ಒಂಥರಾ ಆಯ್ತು, ನಗ್ಬೇಕೋ ಬೇಡ್ವೋ ಅಂತ.

ಪ್ರಶ್ನೆ: ಕಾಡು ಹಾಳಾಯ್ತು ಅಂದ್ರೆ ಸಾಕು, ಎಲ್ಲರೂ ಮೇಕೆ ಮೇಲೇ ದೂರು ಹಾಕ್ತಾರೆ. ದೊಡ್ಡ ಮರಾನ ಮೇಕೆ ಹೆಂಗೆ ತಿಂತದೆ ಮೇಡಂ? ನಮ್ಮನೇಲಿ ಮೂವತ್ತು ಮೇಕೆ ಅವೆ, ಅದಕ್ಕೇ ಕೇಳ್ತಿದೀನಿ. (ನಾಗಮಂಗಲದ ಓದುಗರು)

ಉತ್ತರ: ನಿಮ್ ಮೇಕೆಗೆ ಕಾಯೋಕೆ ಜನ ಇದಾರೆ ಸ್ವಾಮಿ, ಸಂಜೆ ಕೊಟ್ಟಿಗೆಗೆ ಬರ್ತವೆ. ಮೇಲೆ ಹೇಳಿದ ದ್ವೀಪದ್ದೇ ಕಥೆ ತಗೊಳ್ಳಿ, ಪೋರ್ಚುಗೀಸರು 1502ರಲ್ಲಿ ಅದನ್ನ ಕಂಡು, ಮುಂದೆ ಹಡಗಿನೋರಿಗೆ ಮಾಂಸ ಸಿಗಲಿ ಅಂತ ಮೇಕೆ ಬಿಟ್ರು. ಮೇಯೋ ಪ್ರಾಣೀನೇ ಕಾಣದಿದ್ದ ನೆಲ ಅದು. 1588ರಲ್ಲಿ ಕ್ಯಾವೆಂಡಿಶ್ ಅನ್ನೋ ಇಂಗ್ಲಿಷ್ ನಾವಿಕ ಬಂದಾಗ ಹೆಚ್ಚೂಕಮ್ಮಿ ಒಂದು ಮೈಲಿ ಉದ್ದದ ಹಿಂಡು ನೋಡಿದ್ನಂತೆ.

ಗಮ್‌ವುಡ್ ಮರಗಳಿದ್ದ ಗ್ರೇಟ್ ವುಡ್ ಅಂತ ದೊಡ್ಡ ಕಾಡಿತ್ತು. ದೊಡ್ಡ ಮರಾನ ಮೇಕೆ ತಿನ್ಲಿಲ್ಲ, ಅದು ನೀವು ಹೇಳಿದ್ದು ಸರೀನೇ. ಸೌದೆಗೆ ಅಂತ ಜನ ಕಡಿದಿದ್ದೂ ಉಂಟು. ಆದ್ರೆ ಬೀಜ ಬಿದ್ದು ಎರಡೆಲೆ ಬರೋ ಹೊತ್ತಿಗೆ ಮೇಕೆ ಬಾಯಿಗೆ, ಮುಂದಿನ ವರ್ಷ ಅದೇ, ಅದರ ಮುಂದಿನ ವರ್ಷಾನೂ ಅದೇ. ದೂರದಿಂದ ನೋಡೋನಿಗೆ ಕಾಡು ದಟ್ಟವಾಗೇ ಕಾಣ್ತಿತ್ತು, ಒಳಗೆ ಬರೀ ಮುದುಕರು. ನಮ್ ಕೆಲವು ಹಳ್ಳಿಗಳಲ್ಲಿ ಹಬ್ಬ ಬಿಟ್ರೆ ಬೇರೆ ದಿನ ಅಜ್ಜ-ಅಜ್ಜೀರು ಮಾತ್ರ ಜಗಲೀಲಿ ಕೂತಿರ್ತಾರಲ್ಲ, ಹಂಗೆ. 1716ರಲ್ಲಿ ಮರ ಬೇಕಾದಷ್ಟಿದ್ವು, 1724ರ ಹೊತ್ತಿಗೆ ಹಳೇ ಮರ ಬಹುಪಾಲು ಉರುಳಿದ್ವು, ಜಾಗಕ್ಕೆ ಬರೋಕೆ ಸಣ್ಣೋರು ಇಲ್ಲ. ಬೀದಿ ಮೇಕೆ ಕೊಲ್ಲಿ ಅಂತ ಹುಕುಂ ಆಗಿದ್ದು 1731ರಲ್ಲಿ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರು. ಆ ಬಯಲಿನ ಹೆಸರು ಈಗ್ಲೂ ಡೆಡ್‌ವುಡ್, ಪಕ್ಕದ ಲಾಂಗ್‌ವುಡ್‌ನಲ್ಲೇ ನೆಪೋಲಿಯನ್ ಸತ್ತಿದ್ದು. ಈಗ 2000ನೇ ಇಸವಿಯಿಂದ ಆ ಕಡೆ ಬೋಳು ನೆಲದಲ್ಲಿ ಊರ ಜನಾನೇ ಗಮ್‌ವುಡ್ ಸಸಿ ನೆಡ್ತಾ ಇದಾರೆ, ಮಿಲೇನಿಯಂ ಫಾರೆಸ್ಟ್ ಅಂತ ಹೆಸರು.

ಪ್ರಶ್ನೆ: ಮೇಡಂ, ಒಂದು ಜಾತೀಲಿ ಕಟ್ಟಕಡೆಯ ಒಂದೇ ಮರ ಉಳಿದಿದ್ರೂ ಅದರ ಬೀಜ ಹಾಕಿ ತೋಪು ಮಾಡ್ಬಹುದಲ್ವಾ? ಹಂಗಿದ್ರೆ ಯಾಕಿಷ್ಟು ಗಾಬರಿ? (ಸರಸ್ವತಿಪುರಂನಿಂದ ಪಿಯುಸಿ ವಿದ್ಯಾರ್ಥಿನಿ)

ಉತ್ತರ: ಮಾಡ್ಬಹುದಿತ್ತು ಪುಟ್ಟಾ, ಅದು ತನ್ನ ಪರಾಗ ತಾನೇ ಒಪ್ಕೊಳ್ಳೋ ಹಂಗಿದ್ರೆ. ಈ ಬಳಗದಲ್ಲಿ ತುಂಬಾ ಗಿಡಗಳು ಒಪ್ಕೊಳ್ಳಲ್ಲ. ಸಗೋತ್ರದಲ್ಲಿ ಸಂಬಂಧ ಬೇಡ ಅಂತ ಹಿರೀಕರು ಹಠ ಹಿಡಿಯಲ್ವಾ, ಹಂಗೇನೇ, ಪರಾಗ ಬಂದು ಕೂತಿರುತ್ತೆ, ಹೂವು ಒಳಗೆ ಬಿಟ್ಕೊಳ್ಳಲ್ಲ, ಬೀಜ ಜೊಳ್ಳು.

ಸೇಂಟ್ ಹೆಲೆನಾದಲ್ಲೇ ಬಾಸ್ಟರ್ಡ್ ಗಮ್‌ವುಡ್ ಅಂತ ಒಂದು ಮರ, ದುಂಡನೆ ಎಲೆ, ಪೂರ್ತಿ ನಾಶ ಆಗಿದೆ ಅಂತಾನೇ ತಿಳ್ಕೊಂಡಿದ್ರು. 1982ರಲ್ಲಿ ಒಂದು ಮರ ಸಿಕ್ತು. 1986ರಲ್ಲಿ ಬಿರುಗಾಳಿಗೆ ಅದೂ ಬಿತ್ತು. ಅಷ್ಟರಲ್ಲಿ ಅದರ ಸಂತಾನ ನರ್ಸರೀಲಿ ಸ್ವಲ್ಪ ಎಬ್ಬಿಸಿದ್ರು ಸರಿ, ಆದ್ರೆ ಎಲ್ಲಾ ಒಂದೇ ತಾಯಿ ಮಕ್ಕಳು, ಒಬ್ಬರಿಗೊಬ್ಬರು ಆಗ್ಬರಲ್ಲ. ಜೊತೆಗೆ ಇನ್ನೊಂದು ತಲೆನೋವು, ಹತ್ತಿರದಲ್ಲಿ ಮಾಮೂಲಿ ಗಮ್‌ವುಡ್ ಇದ್ರೆ ನೊಣ ಅದರ ಪರಾಗ ತಂದು ಹಾಕುತ್ತೆ, ಹುಟ್ಟೋದು ಬೆರಕೆ. ಆಮೇಲೆ ಕಡಿದಾದ ಬಂಡೆ ಅಂಚಲ್ಲಿ ಇನ್ನೊಂದು ಕಾಡುಮರ ಸಿಕ್ತು ನೋಡು, ಆಗ ಅವರಿಗೆ ಆದ ಖುಷಿ ಒಂದು ಮರ ಹೆಚ್ಚಾಯ್ತು ಅಂತಲ್ಲ, ಬೇರೆ ಗೋತ್ರದ ಗಂಡು ಸಿಕ್ತು ಅಂತ. ಹೂವಿಗೆ ನೊಣ ನುಗ್ಗದ ಹಂಗೆ ಮುಸುಕು ಹಾಕಿ, ಕೈಯಲ್ಲೇ ಪರಾಗ ಸವರಿ, ಸಾವಿರಾರು ಬೀಜ ಆರಿಸಿ, ಅದರಲ್ಲಿ ಗಟ್ಟಿ ಬೀಜ ಹುಡುಕೋ ಕೆಲಸ. ಗಾಬರಿ ಯಾಕೆ ಅಂದೆಯಲ್ಲ, ಇದಕ್ಕೇ.

ಪ್ರಶ್ನೆ: ಗುಲಗಂಜಿ ಹುಳ ಒಳ್ಳೇದಾ ಕೆಟ್ಟದ್ದಾ? ನಮ್ ಬದನೆ ಗಿಡದಲ್ಲಿ ತುಂಬಾ ಇವೆ. (ಮದ್ದೂರು)

ಉತ್ತರ: ಬದನೆ ಎಲೆ ಜಾಲರಿ ಆಗಿದ್ರೆ ಅದು ಎಪಿಲ್ಯಾಕ್ನ, ಎಲೆ ತಿನ್ನೋ ಗುಂಪು, ಬೆಳಗ್ಗೇನೇ ಕೈಯಲ್ಲಿ ಆರಿಸಿ ಸೋಪಿನ ನೀರಿಗೆ ಹಾಕಿ. ಎಲೆ ಹಿಂದಿರೋ ಹಳದಿ ಮೊಟ್ಟೆ ಗುಂಪನ್ನೂ ಒರೆಸಿ. ಮಿಕ್ಕ ಗುಲಗಂಜಿ ಹುಳಗಳಲ್ಲಿ ಬಹಳಷ್ಟು ಹೇನು, ಬಿಳಿ ಹಿಟ್ಟು ತಿಗಣೆ ತಿನ್ನೋ ಒಳ್ಳೇವು, ಅವನ್ನ ಮುಟ್ಬೇಡಿ. ಗಮ್‌ವುಡ್ ಮಾತು ಬಂದಿದ್ದಕ್ಕೆ ಹೇಳ್ತೀನಿ, 1990ರ ದಶಕದ ಶುರುವಲ್ಲಿ ಜಕರಂಡಾ ಬಗ್ ಅನ್ನೋ ದಕ್ಷಿಣ ಅಮೆರಿಕದ ರಸ ಹೀರೋ ಹುಳ ಆ ಮರಗಳಿಗೆ ಮುತ್ಕೊಂಡು ಒಂದೊಂದೇ ಒಣಗಿಸ್ತಾ ಇತ್ತು (ಅದಕ್ಕೆ ಲಂಟಾನ ಕಂಡ್ರೂ ಬಲು ಪ್ರೀತಿ). 1993ರಲ್ಲಿ ಕೀನ್ಯಾದಿಂದ ಒಂದು ಪುಟ್ಟ ಗುಲಗಂಜಿ ಹುಳ ತಂದು ಸಾಕಿ ಬಿಟ್ರು, ಒಂದೆರಡು ವರ್ಷದಲ್ಲಿ ಬಗ್ ಹಾವಳಿ ಇಳೀತು, ಮರ ಉಳ್ಕೊಂಡ್ವು.

ಪ್ರಶ್ನೆ: ಇಂಥ ಅಪರೂಪದ ಗಿಡಗಳ ಬೀಜ ಆನ್‌ಲೈನ್‌ನಲ್ಲಿ ಸಿಗುತ್ತೆ ಅಂತಾರೆ, ತರಿಸ್ಬಹುದಾ? ಮನೆ ಮುಂದೆ ಈ ಬಳಗದ ಮರದಂಥದ್ದು ಏನಾದ್ರೂ ಬೇಕು. (ಕುವೆಂಪುನಗರದ ಗೃಹಿಣಿ)

ಉತ್ತರ: ತರಿಸ್ಬೇಡಿ ಅಕ್ಕಾ. ಈ ಬಳಗದ ಗಟ್ಟಿ ಕಾಂಡದ್ದೇ ಬೇಕು ಅಂದ್ರೆ ಕರ್ಟನ್ ಕ್ರೀಪರ್ ಹಾಕಿ, ನಿಮ್ ಬೀದೀಲೇ ಯಾರದೋ ಮನೆ ಬಾಲ್ಕನಿಯಿಂದ ಹಸಿರು ಪರದೆ ಥರ ಇಳಿಬಿದ್ದಿರುತ್ತೆ, ಕಡ್ಡಿ ಕೇಳಿದ್ರೆ ಕೊಡ್ತಾರೆ. ಮರಾನೇ ನೋಡ್ಬೇಕು ಅಂದ್ರೆ ಕೊಡಗಿನ ಕಾಡಿಗೆ ಹೋದಾಗ ವರ್ನೋನಿಯಾ ಆರ್ಬೋರಿಯಾ ಎಲ್ಲಿದೆ ಅಂತ ಗೊತ್ತಿರೋರನ್ನ ಕೇಳಿ. ಬೀಜದ ವಿಷ್ಯದಲ್ಲಿ ನಾನೂ ಒಂದ್ಸಲ ಬಿದ್ದಿದೀನಿ, ಯಾವುದೋ ಮಾರಾಟಗಾರ ಆಫ್ರಿಕಾದ ಅಪರೂಪದ ಡೇಸಿ ಪೊದೆ ಅಂತ ಹತ್ತು ಕಾಳಿಗೆ 350 ರೂಪಾಯಿ ಕಿತ್ಕೊಂಡ. ಕುಂಡದಲ್ಲಿ ಹಾಕಿ, ನೆರಳು ಬಟ್ಟೆ ಕಟ್ಟಿ, ದಿನಾ ಎದ್ದು ನೋಡಿದ್ದೇ ನೋಡಿದ್ದು, ಎರಡು ತಿಂಗಳಿಗೆ ಹಳದಿ ಹೂವು ಬಿಡ್ತು, ಅಪ್ಪಟ ಹುಚ್ಚೆಳ್ಳು. ಬಳಗದ ವಿಷ್ಯದಲ್ಲಿ ಮಾತ್ರ ಸುಳ್ಳು ಹೇಳಿರ್ಲಿಲ್ಲ. ಒಂದು ಬೊಗಸೆ ಆಯ್ತು, ಹುರಿದು ಚಟ್ನಿಪುಡಿಗೆ ಹಾಕ್ಬಿಟ್ಟೆ.