ಪ್ರಶ್ನೋತ್ತರ: ಸವಾರನ ಭಾರ, ಎದುರುಗಾಳಿ, ಕುದುರೆಯ ದಮ್ಮು

ಪ್ರಶ್ನೆ: ನನ್ನ ಕುದುರೆಗೆ ಏಳು ವರ್ಷ, ತೂಕ ಅಂದಾಜು 430 ಕಿಲೋ. ನನ್ನ ತೂಕ 82 ಕಿಲೋ. ಮಳೆಗಾಲದ ನಾಲ್ಕು ತಿಂಗಳು ಅದನ್ನು ಲಾಯದಿಂದ ಹೆಚ್ಚಾಗಿ ಹೊರಗೆ ತೆಗೆದಿರಲಿಲ್ಲ. ಹುತ್ತರಿ ಮುಗಿದ ಮೇಲೆ ಓಡಿಸಲು ಶುರುಮಾಡಿ, ಜನವರಿಯಲ್ಲಿ ಕೊಯ್ಲಾದ ಗದ್ದೆ ಮತ್ತು ಬೋಳುಗುಡ್ಡದ ಮೇಲೆ ನಾವೇ ಗುರುತು ಹಾಕಿಕೊಂಡ ಮೂರು ಕಿಲೋಮೀಟರ್ ಕ್ರಾಸ್‌ಕಂಟ್ರಿ (ಬಯಲಲ್ಲಿ ಓಡುತ್ತಾ ಅಡ್ಡಿಗಳನ್ನು ಹಾರುವ) ಹಾದಿಯಲ್ಲಿ ಓಡಿಸಿದೆ. ಕೊನೆಗೆ ಬರುವಷ್ಟರಲ್ಲಿ ಅದು ಸೋತುಹೋಗಿ, ಕಡೆಯ ಎರಡು ಅಡ್ಡಮರಗಳಿಗೆ ಗೊರಸು ತಾಗಿಸಿತು. ನನ್ನ ಭಾರವೇ ಕಾರಣ ಎಂದು ಅಣ್ಣ ಹೇಳುತ್ತಾರೆ, ಗುಡ್ಡದ ಮೇಲಿನ ಎದುರುಗಾಳಿ ಎಂದು ಗೆಳೆಯರು, ದಮ್ಮು ಸಾಲದು ಎಂದು ಲಾಯ ನೋಡಿಕೊಳ್ಳುವವರು. 58 ಕಿಲೋ ತೂಗುವ ಅಣ್ಣನ ಮಗನಿಗೆ ಕುದುರೆ ಬಿಟ್ಟುಕೊಡಬೇಕೆ?
– ಗೋಣಿಕೊಪ್ಪ ಕಡೆಯ ಕಾಫಿ ಬೆಳೆಗಾರರೊಬ್ಬರು

ಉತ್ತರ: ಮೂವರ ಮಾತಿನಲ್ಲೂ ಹುರುಳಿದೆ, ಆದರೆ ಸಮಪಾಲಿಲ್ಲ. ನಿಮ್ಮ ಪತ್ರವನ್ನು ಓದಿದಾಗ ನನಗೆ ಲಾಯ ನೋಡಿಕೊಳ್ಳುವವರ ಮಾತೇ ಹೆಚ್ಚು ನಿಜವೆನಿಸಿತು.

ಮೊದಲು ಭಾರದ ಲೆಕ್ಕ ನೋಡೋಣ. ಜೀನು, ಹೆಲ್ಮೆಟ್, ಎದೆಕವಚ, ಬೂಟು ಎಲ್ಲ ಸೇರಿ 10 ಕಿಲೋ ಎಂದುಕೊಂಡರೆ ಕುದುರೆ ಹೊರುವುದು 92 ಕಿಲೋ, ಅಂದರೆ ಅದರ ಮೈತೂಕದ ಶೇ. 21ಕ್ಕಿಂತ ತುಸು ಹೆಚ್ಚು. ಹೊರೆ ಶೇ. 20 ಮೀರಬಾರದೆಂಬುದು ಅಮೆರಿಕದ ಅಶ್ವದಳದ ಕಾಲದಿಂದ ಬಂದ ಹಳೆಯ ಅಳತೆ. ಒಹಾಯೊದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿಯೂ ಶೇ. 15 ಮತ್ತು 20ರ ಹೊರೆಯನ್ನು ಕುದುರೆಗಳು ಹೆಚ್ಚು ತೊಂದರೆಯಿಲ್ಲದೆ ಹೊತ್ತವು, ಶೇ. 25 ಮತ್ತು 30ಕ್ಕೆ ಏರಿಸಿದಾಗ ಎದೆಬಡಿತ ಹೆಚ್ಚಿತು, ಸ್ನಾಯುಗಳಲ್ಲಿ ನೋವು ಕಾಣಿಸಿತು. ಆದರೆ ಅಲ್ಲಿ ಕುದುರೆಗಳು ನಾಗಾಲೋಟದಲ್ಲಿ ಅಡ್ಡಮರಗಳನ್ನು ಹಾರಿರಲಿಲ್ಲ. ಆದ್ದರಿಂದ ಕ್ರಾಸ್‌ಕಂಟ್ರಿಗೆ ಶೇ. 20ನ್ನು ಗುರಿಯೆಂದು ಭಾವಿಸದೆ, ಅದಕ್ಕಿಂತ ಚೆನ್ನಾಗಿ ಕೆಳಗೆ ಉಳಿಯಬೇಕೆಂಬುದು ನನ್ನ ಅಭಿಪ್ರಾಯ. ಸುಮ್ಮನೆ ನಿಂತಾಗಲೇ ಕುದುರೆಯ ಭಾರದ ಸುಮಾರು ಶೇ. 60 ಮುಂಗಾಲುಗಳ ಮೇಲಿರುತ್ತದೆ. ಹಾರಿ ಇಳಿಯುವಾಗ ಆ ಕಾಲುಗಳು ತಾಳಿಕೊಳ್ಳುವ ಪೆಟ್ಟಿನ ಮುಂದೆ ಅದು ಏನೂ ಅಲ್ಲ.

ಇಲ್ಲಿ ಒಂದು ಮಾತು ಕೇಳಲೇಬೇಕು. 430 ಕಿಲೋ ಎಂಬುದು ತೂಗಿದ ಲೆಕ್ಕವೋ, ಕಣ್ಣಳತೆಯೋ? ತಕ್ಕಡಿ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 178, ಉದ್ದ 160 ಇದ್ದರೆ ಸುಮಾರು 427 ಕಿಲೋ. ಅಳೆಯುವಾಗಲೇ ಪಕ್ಕೆಯ ಮೇಲೆ ಅಂಗೈ ಇಟ್ಟು ನೋಡಿ. ಒತ್ತದೆಯೇ ಪಕ್ಕೆಲುಬು ಕೈಗೆ ಸಿಗಬೇಕು. ನಾಲ್ಕು ತಿಂಗಳು ಹುಲ್ಲು, ಹುರುಳಿ ತಿಂದು ಲಾಯದಲ್ಲಿ ನಿಂತ ಕುದುರೆಯಲ್ಲಿ ಅದು ಸಿಗುವುದಿಲ್ಲ, ಬೆರಳು ಮೆತ್ತಗೆ ಒಳಗಿಳಿಯುತ್ತದೆ. ಸವಾರನ ಹತ್ತು ಕಿಲೋವನ್ನು ಎಣಿಸುವ ನಾವು ಕುದುರೆಯೇ ಹೊತ್ತು ತಿರುಗುವ ಮೂವತ್ತು ಕಿಲೋ ಕೊಬ್ಬನ್ನು ಎಣಿಸುವುದಿಲ್ಲ. ಅಷ್ಟೇ ಅಲ್ಲ, ಕೊಬ್ಬಿದ ಕುದುರೆಯ ತೂಕ ಹೆಚ್ಚಿರುವುದರಿಂದ ಶೇಕಡಾ ಲೆಕ್ಕದಲ್ಲಿ ಸವಾರನೇ ಹಗುರಾಗಿ ಕಂಡುಬಿಡುತ್ತಾನೆ. ಈ ಲೆಕ್ಕವನ್ನು ನಂಬಿ ಮೋಸಹೋಗಬೇಡಿ.

ಈಗ ಅಣ್ಣನ ಮಗನ ವಿಷಯ. ಅವನಿಗೂ ನಿಮಗೂ 24 ಕಿಲೋ ವ್ಯತ್ಯಾಸ. ಕುದುರೆ, ಸವಾರ, ಸಾಮಾನು ಸೇರಿ 522 ಕಿಲೋ ಗುಡ್ಡ ಹತ್ತಬೇಕಾದಲ್ಲಿ 498 ಕಿಲೋ ಹತ್ತಿದಂತಾಗುತ್ತದೆ. ಏರಿನಲ್ಲಿ ಉಳಿಯುವ ಶ್ರಮ ಶೇ. 5ಕ್ಕಿಂತ ಕಡಿಮೆ. ಕಾಲುಗಳ ಹಿತದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಸ್ಟಿರಪ್ (ಜೀನಿನಿಂದ ತೂಗುವ, ಪಾದ ಇಡುವ ಬಳೆ) ಮೇಲೆ ನಿಲ್ಲಲಾರದೆ ಪ್ರತಿ ನೆಗೆತದಲ್ಲೂ ಬೆನ್ನಿನ ಮೇಲೆ ಧೊಪ್ಪನೆ ಕೂರುವ 58 ಕಿಲೋಗಿಂತ, ಕುದುರೆಯ ಲಯಕ್ಕೆ ಮೈಯನ್ನು ಹೊಂದಿಸಿಕೊಂಡು ಅಲುಗದಿರುವ 75 ಕಿಲೋ ಎಷ್ಟೋ ಮೇಲು. ಹುಡುಗ ಯಾವ ಬಗೆಯ ಸವಾರನೆಂಬುದು ನಿಮಗೇ ಗೊತ್ತು.

ಗಾಳಿಯ ಮಾತನ್ನೂ ತಳ್ಳಿಹಾಕುವಂತಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡುವ ಕುದುರೆಗೆ 15 ಕಿಲೋಮೀಟರ್ ವೇಗದ ಎದುರುಗಾಳಿ ಬಡಿದರೆ ತಡೆ ಎರಡೂಕಾಲು ಪಟ್ಟಾಗುತ್ತದೆ. ಅದೇ ಗಾಳಿ ಬೆನ್ನಿಗೆ ಬಂದರೆ ಕಾಲುಭಾಗಕ್ಕೆ ಇಳಿಯುತ್ತದೆ. ನಮ್ಮಲ್ಲಿ ಸಿಲ್ವರ್ ಓಕ್ ಸಾಲುಗಳ ನಡುವಿನ ತೋಟದ ರಸ್ತೆಯಲ್ಲಿ ಎಲೆ ಅಲುಗದಿದ್ದರೂ ಬೋಳುಗುಡ್ಡಕ್ಕೆ ಹತ್ತಿದೊಡನೆ ಗಾಳಿ ಮುಖಕ್ಕೆ ರಾಚುವುದನ್ನು ನೀವು ಕಂಡೇ ಇರುತ್ತೀರಿ. ಅಲ್ಲಿ ಮೈಯನ್ನು ಬಗ್ಗಿಸಿ, ವೇಗವನ್ನು ತಾನಾಗಿ ಇಳಿಯಲು ಬಿಡಿ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ನಿಗದಿತ ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4 ಅಂಕ ದಂಡ, ಕುದುರೆ ಒಂದು ಅಡ್ಡಮರಕ್ಕೆ ಹಿಂಜರಿದರೆ 20 ಅಂಕ. ಅಂದರೆ ಒಂದು ಹಿಂಜರಿಕೆ 50 ಸೆಕೆಂಡಿಗೆ ಸಮ. ಬೆಂಗಳೂರಿನ ಫೌವಾದ್ ಮಿರ್ಜಾ 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕ್ರಾಸ್‌ಕಂಟ್ರಿಯನ್ನು 28 ಸೆಕೆಂಡ್ ತಡವಾಗಿ ಮುಗಿಸಿ 11.20 ಅಂಕ ತೆತ್ತರು. ಆದರೆ ಒಂದು ಅಡ್ಡಿಯನ್ನೂ ತಪ್ಪಿಸಲಿಲ್ಲ, ಕಡೆಗೆ 23ನೆಯವರಾಗಿ ಮುಗಿಸಿದರು. ಗುಡ್ಡದ ಮೇಲೆ ಎಂಟು ಸೆಕೆಂಡ್ ಬಿಟ್ಟುಕೊಟ್ಟರೆ ಹೋಗುವುದು 3.2 ಅಂಕ ಮಾತ್ರ.

ಉಳಿದದ್ದು ದಮ್ಮು. ಕುದುರೆ ಬಾಯಿಯಿಂದ ಉಸಿರಾಡಲಾರದು. ಎಲ್ಲವೂ ಮೂಗಿನ ಹೊಳ್ಳೆಗಳಿಂದಲೇ. ನಾಗಾಲೋಟದಲ್ಲಿ ಹೆಜ್ಜೆಗೊಂದು ಉಸಿರು, ನಿಮಿಷಕ್ಕೆ 120ಕ್ಕೂ ಹೆಚ್ಚು. ಹಾರುವಾಗ ಆ ಲಯ ಕ್ಷಣಕಾಲ ಮುರಿಯುತ್ತದೆ. ಲಾಯದಲ್ಲಿ ನಿಂತಾಗ ನಿಮಿಷಕ್ಕೆ ಮೂವತ್ತೈದು ನಲವತ್ತಿರುವ ಎದೆಬಡಿತ ಓಟದಲ್ಲಿ 200 ದಾಟುತ್ತದೆ. ಆ ಮಟ್ಟದ ಸುತ್ತಮುತ್ತ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ವೇಗವಾಗಿ ತುಂಬತೊಡಗಿ ಹಿಂಗಾಲುಗಳ ಒತ್ತು ಕುಗ್ಗುತ್ತದೆ, ಗೊರಸು ಮೇಲೇಳುವುದಿಲ್ಲ. ನಿಮ್ಮ ಕಡೆಯ ಎರಡು ಅಡ್ಡಮರಗಳಲ್ಲಿ ನಡೆದದ್ದು ಇದೇ ಎಂದು ನನಗನಿಸುತ್ತದೆ. ಹುತ್ತರಿಯಿಂದ ಜನವರಿಗೆ ಸಿಕ್ಕಿದ್ದು ಐದಾರು ವಾರ. ಅಷ್ಟರಲ್ಲಿ ಹೃದಯ, ಸ್ನಾಯುಗಳು ಸ್ವಲ್ಪ ಚೇತರಿಸಿಕೊಳ್ಳುತ್ತವೆ. ಸ್ನಾಯುರಜ್ಜು ಮತ್ತು ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ದಮ್ಮು ಬಂದಂತೆ ಕಂಡರೂ ಕಾಲು ಸಿದ್ಧವಾಗಿರದ ಆ ಅವಧಿಯೇ ಅಪಾಯದ್ದು.

ಮಳೆ ಹಿಡಿತ ಸಡಿಲಿಸುವ ಸೆಪ್ಟೆಂಬರ್‌ನಲ್ಲೇ ಆರಂಭಿಸಿ. ಮೊದಲ ಆರೆಂಟು ವಾರ ನಡಿಗೆ ಮತ್ತು ಟ್ರಾಟ್ (ನಿಧಾನದ ಓಟ) ಮಾತ್ರ. ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕೆಲವು ನಿಮಿಷದ ಕ್ಯಾಂಟರ್ (ಟ್ರಾಟ್‌ಗಿಂತ ವೇಗದ, ನಾಗಾಲೋಟಕ್ಕಿಂತ ನಿಧಾನದ ಓಟ), ನಡುವೆ ನಡಿಗೆ, ಮತ್ತೆ ಕ್ಯಾಂಟರ್. ನಮ್ಮ ಏರುಗಳು ದೊಡ್ಡ ಸಂಪತ್ತು; ವೇಗ ಹೆಚ್ಚಿಸದೆಯೇ ಹೃದಯಕ್ಕೆ ಕೆಲಸ ಕೊಡುತ್ತವೆ. ಇಳಿಜಾರಿನಲ್ಲಿ ಮಾತ್ರ ನಡೆಸಿಕೊಂಡೇ ಬನ್ನಿ. ಪ್ರತಿ ಓಟದ ಬಳಿಕ ಎಡ ಮೊಣಕೈಯ ಹಿಂದೆ ಸ್ಟೆತಸ್ಕೋಪ್ ಇಟ್ಟು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ ಬರೆದಿಡಿ. ದೂರದೋಟದ ಸ್ಪರ್ಧೆಗಳಲ್ಲಿ ನಿಗದಿತ ಸಮಯದೊಳಗೆ ಎದೆಬಡಿತ 64ಕ್ಕೆ ಇಳಿಯದ ಕುದುರೆಯನ್ನು ಮುಂದೆ ಬಿಡುವುದಿಲ್ಲ. ನಿಮ್ಮ ಕುದುರೆ ಹತ್ತು ನಿಮಿಷದಲ್ಲಿ ಎಲ್ಲಿಗೆ ಇಳಿಯಿತು, ಹೊಳ್ಳೆಯೊಳಗಿನ ಕೆಂಪು ಯಾವಾಗ ಮಾಸಿತು, ಪಕ್ಕೆ ಯಾವಾಗ ಏದುವುದನ್ನು ನಿಲ್ಲಿಸಿತು ಎಂದು ವಾರವಾರ ನೋಡುತ್ತಾ ಹೋದರೆ ಭಾರವೋ ಗಾಳಿಯೋ ಎಂಬ ವಾದಕ್ಕೆ ಉತ್ತರ ಆ ಪುಸ್ತಕದಲ್ಲೇ ಸಿಗುತ್ತದೆ. ನಮ್ಮ ತೇವದ ಹವೆಯಲ್ಲಿ ಬೆವರು ಬೇಗ ಆರುವುದಿಲ್ಲವಾದ್ದರಿಂದ ಓಟ ಮುಗಿದೊಡನೆ ಮೈತುಂಬ ತಣ್ಣೀರನ್ನು ಸುರಿಯುತ್ತಲೇ ಇರಿ. ಬಿಸಿ ಮೈಗೆ ತಣ್ಣೀರು ಹಾಕಿದರೆ ಸ್ನಾಯು ಹಿಡಿಯುತ್ತದೆಂಬ ಭಯ ಆಧಾರವಿಲ್ಲದ್ದೆಂದು 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುನ್ನ ನಡೆದ ಅಧ್ಯಯನಗಳು ತೋರಿಸಿವೆ.

ಪ್ರಶ್ನೆ: ನನ್ನ ತೂಕ 52 ಕಿಲೋ. ಹಗುರ ಸವಾರರು ಸೀಸ ಕಟ್ಟಿಕೊಂಡು ಓಡಬೇಕೆಂಬ ನಿಯಮ ಇದೆಯೆ?
– ಸೋಮವಾರಪೇಟೆಯ ವಿದ್ಯಾರ್ಥಿನಿ

ಉತ್ತರ: ಈಗ ಇಲ್ಲ. ಹಿಂದೆ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕುದುರೆ ಕನಿಷ್ಠ 75 ಕಿಲೋ ಹೊರಲೇಬೇಕಿತ್ತು. ಹಗುರವಾದ ಸವಾರರು, ಅದರಲ್ಲೂ ಹೆಣ್ಣುಮಕ್ಕಳು, ಜೀನಿನ ಕೆಳಗೆ ಸೀಸ ತುಂಬಿಕೊಳ್ಳುತ್ತಿದ್ದರು. ಸೀಸ ಕುದುರೆಯ ಚಲನೆಗೆ ತಕ್ಕಂತೆ ಬಾಗುವುದಿಲ್ಲ, ಸತ್ತ ಭಾರವಾಗಿ ಬೆನ್ನಿನ ಮೇಲೆ ಕುಳಿತಿರುತ್ತದೆ. 1990ರ ದಶಕದ ಕೊನೆಗೆ ಆ ನಿಯಮವನ್ನು ಕೈಬಿಟ್ಟದ್ದು ಸರಿಯಾದ ನಿರ್ಧಾರ. ನೀವು ಇನ್ನಷ್ಟು ಹಗುರಾಗಲು ಊಟ ಬಿಡುವ ಅಗತ್ಯವೂ ಇಲ್ಲ. ಸ್ಟಿರಪ್ ಗಿಡ್ಡ ಮಾಡಿಕೊಂಡು, ಜೀನಿಗೆ ತಾಗದಂತೆ ಆರು ನಿಮಿಷ ನಿಂತೇ ಕ್ಯಾಂಟರ್ ಮಾಡಬಲ್ಲಿರಾ ಎಂದು ಈ ವಾರವೇ ಗಡಿಯಾರ ಇಟ್ಟು ನೋಡಿ. ನಾಲ್ಕನೆಯ ನಿಮಿಷಕ್ಕೆ ತೊಡೆ ನಡುಗಿದರೆ ನಿಮ್ಮ ಅಭ್ಯಾಸ ಅಲ್ಲಿಂದ ಶುರುವಾಗಬೇಕು.