ಖುಲಾಸೆ ಆದ್ರೆ ಕೊಲೆಯೇ ಆಗಿಲ್ಲ ಅಂತಲಾ?

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಮೇಡಂ, ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿ ಆರು ವರ್ಷದ ಹಿಂದೆ ಒಬ್ಬರು ವಯಸ್ಸಾದ ಹೆಂಗಸಿನ ಕೊಲೆ ಆಯಿತು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಹುಡುಗನೇ ಮಾಡಿದ್ದು ಅಂತ ಎಲ್ಲರಿಗೂ ಗೊತ್ತು. ಹೋದ ತಿಂಗಳು ಸೆಷನ್ಸ್ ಕೋರ್ಟು ಅವನನ್ನು ಬಿಟ್ಟುಬಿಟ್ಟಿದೆ. ಸೊಸೈಟಿಯವರೆಲ್ಲ ಮೇಣದಬತ್ತಿ ಹಿಡಿದು ಸ್ಟೇಷನ್ ತನಕ ಹೋದೆವು. ನನ್ನ ಮಗ ವಾಟ್ಸಾಪ್ ಗ್ರೂಪಿನಲ್ಲಿ ‘ಜಡ್ಜ್ ಎಷ್ಟು ತಿಂದ’ ಅಂತ ಹಾಕಿದ್ದಾನೆ. ಇದರಿಂದ ತೊಂದರೆ ಆಗುತ್ತಾ? ಕೊಲೆಗಾರನನ್ನು ಹೀಗೆ ಬಿಡೋದು ಸರಿಯಾ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಮೊದಲು ಮಗನ ಕೈಲಿ ಆ ಮೆಸೇಜ್ ಅಳಿಸಿಸಿ. ಆಮೇಲೆ ಮುಂದೆ ಓದಿ.

ತೀರ್ಪು ತಪ್ಪು ಅನ್ನಬಹುದು. ಯಾಕೆ ತಪ್ಪು ಅಂತ ನಾಲ್ಕು ಪುಟ ಬರೆಯಬಹುದು. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಸೆಕ್ಷನ್ ನ್ಯಾಯವಾದ ಟೀಕೆಗೆ ಜಾಗ ಕೊಟ್ಟಿದೆ. ಆದರೆ ಪುರಾವೆ ಇಲ್ಲದೆ ‘ತಿಂದ’ ಅನ್ನೋದು ಟೀಕೆ ಅಲ್ಲ, ಆರೋಪ. ಖುಲಾಸೆ ಆದವನನ್ನು ‘ಕೊಲೆಗಾರ’ ಅಂತ ಬರೆದರೆ ಅವನು ಮಾನನಷ್ಟ ಕೇಸ್ ಹಾಕಬಹುದು. ಹಾಗಾಗಿ ನೀವೂ ಆ ಪದ ಬಿಡಿ. ಮೆರವಣಿಗೆಗೆ ನನ್ನ ತಕರಾರಿಲ್ಲ. ಆದರೆ ಹೋಗುವ ಮುಂಚೆ ಒಬ್ಬರಾದರೂ ತೀರ್ಪು ಓದಿದ್ರಾ? ಹೆಚ್ಚಿನ ತೀರ್ಪುಗಳು ಇ-ಕೋರ್ಟ್ಸ್ ಜಾಲತಾಣದಲ್ಲಿ ಸಿಗುತ್ತವೆ. ಮರಾಠಿಯಲ್ಲಿದ್ದರೆ ಸೊಸೈಟಿಯಲ್ಲಿ ಓದಿ ಹೇಳುವವರು ಹತ್ತು ಜನ ಇರ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಸಿಕ್ಕಿಕೊಂಡ ಮಾತು ‘ಎಲ್ಲರಿಗೂ ಗೊತ್ತು’ ಅನ್ನೋದು. ಯಾರಿಗೆ ಗೊತ್ತು? ಗೊತ್ತಿದ್ದವರು ಕಟಕಟೆ ಹತ್ತಿ ಹೇಳಿದ್ರಾ?

ನಾನು ಕರಿಕೋಟು ಹಾಕಿದ ಹೊಸತರಲ್ಲಿ ನೋಡಿದ ಒಂದು ಕೊಲೆ ಕೇಸು ಹೇಳ್ತೀನಿ. ಚಾಕು ಜಪ್ತಿಗೆ ಪಂಚನಾಗಿ, ಅಂದರೆ ಜಪ್ತಿಯನ್ನು ಕಣ್ಣಾರೆ ನೋಡಿದ ಸಾಕ್ಷಿ ಅಂತ, ಸಹಿ ಹಾಕಿದ್ದವನು ನಮ್ಮವನೇ. ಠಾಣೆಯ ಎದುರಿನ ಉಡುಪಿ ಹೋಟೆಲಿನ ಕ್ಯಾಶಿಯರ್. ಮುಂಬೈಯಲ್ಲಿ ಇದು ಮಾಮೂಲಿ. ಪಂಚರು ಬೇಕು ಅಂದರೆ ಪೊಲೀಸರು ಹೋಟೆಲಿಗೆ ಒಬ್ಬ ಕಾನ್‌ಸ್ಟೇಬಲನ್ನು ಕಳಿಸ್ತಾರೆ. ಕೋರ್ಟಿನಲ್ಲಿ ಎದುರು ವಕೀಲರು ಕೇಳಿದರು, ‘ಚಾಕು ಎಲ್ಲಿಂದ ತೆಗೆದರು?’ ಅವನು ಹೇಳಿದ, ‘ಟೇಬಲ್ ಮೇಲೆ ಇತ್ತು ಸ್ವಾಮಿ. ಸಹಿ ಮಾಡು ಅಂದ್ರು, ಮಾಡಿದೆ. ಊಟದ ಟೈಮು, ಗಲ್ಲಾ ಬಿಟ್ಟು ಬಂದಿದ್ದೆ.’ ಪಂಚನಾಮೆಯಲ್ಲಿ ಬರೆದಿದ್ದು, ಆರೋಪಿ ತಾನೇ ಕರೆದುಕೊಂಡು ಹೋಗಿ ಗಟಾರದ ಬದಿಯ ಪೊದೆಯಿಂದ ಚಾಕು ತೆಗೆದುಕೊಟ್ಟ ಅಂತ. ಆ ಒಂದು ವಾಕ್ಯಕ್ಕೆ ಕೇಸು ಅರ್ಧ ಮುಗಿಯಿತು. ಮರುದಿನ ಮರಾಠಿ ಪೇಪರಿನಲ್ಲಿ ‘ಸಾಕ್ಷೀದಾರ್ ಫಿತೂರ್’, ಅಂದರೆ ಸಾಕ್ಷಿ ತಿರುಗಿಬಿದ್ದ ಅಂತ. ಪಾಪ, ಅವನು ಯಾರ ಜೊತೆಗೂ ಫಿತೂರಿ ಮಾಡಿರಲಿಲ್ಲ. ಆವತ್ತು ಕೋರ್ಟಿನಲ್ಲಿ ನಿಜ ಹೇಳಿದ್ದು ಅವನೊಬ್ಬನೇ ಅಂತ ನನಗೆ ಈಗಲೂ ಅನಿಸುತ್ತೆ.

2024ರ ಜುಲೈ 1ರಿಂದ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಜಪ್ತಿಯನ್ನು ವಿಡಿಯೋ ಮಾಡಲೇಬೇಕು. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನದವರು ಜಾಗಕ್ಕೆ ಬರಬೇಕು ಅಂತಲೂ ಇದೆ. ನಿಮ್ಮ ಕೇಸು ಅದಕ್ಕಿಂತ ಹಳೆಯದು.

ನೋಡಿದ ಸಾಕ್ಷಿ ಇಲ್ಲದ ಕೇಸಿನಲ್ಲಿ ಏನು ಬೇಕು ಅನ್ನೋದಕ್ಕೆ ದೇಶವೆಲ್ಲ ಹಿಡಿದಿರುವ ಅಳತೆಗೋಲು ಬಂದದ್ದು ಪುಣೆಯ ಒಂದು ಕೇಸಿನಿಂದ. ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣ, 1984. ಕೆಳಗಿನ ಕೋರ್ಟು ಗಲ್ಲು ಕೊಟ್ಟಿತ್ತು, ಸುಪ್ರೀಂ ಕೋರ್ಟು ಬಿಟ್ಟಿತು. ಕೊಂಡಿಗೆ ಕೊಂಡಿ ಕೂಡಿ ಸರಪಳಿ ಪೂರ್ತಿ ಆಗಬೇಕು, ನಡುವೆ ಒಂದು ಕೊಂಡಿಯೂ ತಪ್ಪಬಾರದು. ‘ಇವನೇ ಮಾಡಿರಬಹುದು’ ಅಂದರೆ ಸಾಲದು, ‘ಇವನೇ ಮಾಡಿರಲೇಬೇಕು, ಬೇರೆ ದಾರಿಯೇ ಇಲ್ಲ’ ಅನ್ನಿಸಬೇಕು. ನಿಮ್ಮ ಸೊಸೈಟಿಯವರಿಗೆ ಇರೋದು ‘ಇರಬಹುದು’. ಬಲವಾದ ‘ಇರಬಹುದು’, ಒಪ್ತೀನಿ. ಖುಲಾಸೆ ಅಂದರೆ ಕೊಲೆ ಆಗಿಲ್ಲ ಅಂತ ಅಲ್ಲ. ಸರ್ಕಾರ ಇವನ ಮೇಲೆ ಹೊರಿಸಿದ್ದನ್ನು ಸಾಬೀತು ಮಾಡಲಿಲ್ಲ ಅಂತ, ಅಷ್ಟೆ.

ಜನ ಕೂಗೋದೆಲ್ಲ ಶಿಕ್ಷೆಯ ಕಡೆಗೇ ಅಂದುಕೊಳ್ಳಬೇಡಿ. ಇದೇ ಮುಂಬೈಯಲ್ಲಿ 1959ರಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ, ಹೆಂಡತಿಯ ಗೆಳೆಯ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ ಕೇಸು ನಡೆಯಿತು. ಆಗಿನ ಜ್ಯೂರಿ (ಕೋರ್ಟಿನಲ್ಲಿ ಕೂತು ತೀರ್ಮಾನ ಹೇಳುವ ಸಾಮಾನ್ಯ ಜನರ ಗುಂಪು) 8-1ರಲ್ಲಿ ನಿರ್ದೋಷಿ ಅಂದಿತು, ಹೊರಗೆ ಜನ ಕುಣಿದರು. ‘ಬ್ಲಿಟ್ಜ್’ ಪತ್ರಿಕೆ ನಾನಾವತಿಯ ಪರ ನಿಂತು ಬಿಸಿ ದೋಸೆ ಹಾಗೆ ಖರ್ಚಾಯಿತು. ಆದರೆ ಸೆಷನ್ಸ್ ಜಡ್ಜ್ ಆ ತೀರ್ಮಾನ ಒಪ್ಪದೆ ಕೇಸನ್ನು ಹೈಕೋರ್ಟಿಗೆ ಕಳಿಸಿದರು. 1960ರಲ್ಲಿ ಜೀವಾವಧಿ ಆಯಿತು, 1961ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕೊನೆಗೆ ರಾಜ್ಯಪಾಲರು ಕ್ಷಮೆ ಕೊಟ್ಟರು ಅನ್ನೋದು ಬೇರೆ ಮಾತು. ಆವತ್ತು ಕುಣಿದವರಿಗೂ ‘ಎಲ್ಲರಿಗೂ ಗೊತ್ತು’ ಅನ್ನೋ ಧೈರ್ಯವೇ ಇತ್ತು, ಅಲ್ವಾ?

ಸಿಟ್ಟು ಸುಳ್ಳಲ್ಲ, ಅದನ್ನು ಎಲ್ಲಿ ಇಳಿಸಬೇಕು ಅನ್ನೋದಷ್ಟೇ ಪ್ರಶ್ನೆ. 2006ರ ಲೋಕಲ್ ಟ್ರೇನ್ ಸ್ಫೋಟದ ಕೇಸಿನಲ್ಲಿ 2025ರ ಜುಲೈ 21ರಂದು ಬಾಂಬೆ ಹೈಕೋರ್ಟು ಹನ್ನೆರಡೂ ಜನರ ಶಿಕ್ಷೆ ರದ್ದು ಮಾಡಿತು. ಅವರಲ್ಲಿ ಐದು ಜನರಿಗೆ ಗಲ್ಲು ಆಗಿತ್ತು. ಮೂರೇ ದಿನಕ್ಕೆ ಸುಪ್ರೀಂ ಕೋರ್ಟು, ಆ ತೀರ್ಪನ್ನು ಬೇರೆ ಕೇಸುಗಳಿಗೆ ಮಾದರಿ ಮಾಡಬೇಡಿ ಅಂದಿತು. ಬಿಡುಗಡೆ ಆದವರನ್ನು ಮತ್ತೆ ಒಳಗೆ ಹಾಕಲಿಲ್ಲ. ಆ ಗಾಡಿಗಳಲ್ಲಿ ಜೀವ ಕಳೆದುಕೊಂಡವರ ಮನೆಯವರು ಕೇಳಬೇಕಾದ ಪ್ರಶ್ನೆ ಒಂದೇ: ಹಾಗಾದರೆ ಮಾಡಿದ್ದು ಯಾರು? ಇದನ್ನು ಜಡ್ಜನ್ನು ಕೇಳಿದರೆ ಉತ್ತರ ಸಿಗಲ್ಲ. ತನಿಖೆ ಮಾಡಿದವರನ್ನು ಕೇಳಬೇಕು. ಗುಜರಾತ್ ಸರ್ಕಾರ ಮತ್ತು ಕಿಶನ್‌ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ: ಖುಲಾಸೆ ಆದ ಪ್ರತಿ ಕೇಸನ್ನೂ ರಾಜ್ಯ ಸರ್ಕಾರ ಪರಿಶೀಲಿಸಬೇಕು, ತನಿಖೆಯವರು ತಪ್ಪು ಮಾಡಿದ್ದರೆ ಕ್ರಮ ಆಗಬೇಕು. ನಿಮ್ಮ ಸೊಸೈಟಿಯ ಲೆಟರ್‌ಹೆಡ್ ಇದೆಯಲ್ಲ? ಪೊಲೀಸ್ ಕಮಿಷನರಿಗೆ ಬರೆಯಿರಿ: ನಮ್ಮ ಈ ಕೇಸನ್ನು ಹಾಗೆ ಪರಿಶೀಲಿಸಿದ್ದೀರಾ, ಏನು ಸಿಕ್ಕಿತು? ಮೇಣದಬತ್ತಿಗಿಂತ ಆ ಕಾಗದಕ್ಕೆ ಬೆಲೆ ಜಾಸ್ತಿ.

ಪ್ರಶ್ನೆ: ಅಕ್ಕಾ, ನಾವು ಕಲಬುರಗಿ ಕಡೆಯವರು, ಪುಣೆಯಲ್ಲಿ ಕಟ್ಟಡ ಕೆಲಸ. ನನ್ನ ತಮ್ಮನನ್ನು ಕೊಂದ ಕೇಸಲ್ಲಿ ಇಬ್ಬರೂ ಬಿಡುಗಡೆ ಆದರು. ಸರ್ಕಾರಿ ವಕೀಲರು ‘ನೋಡೋಣ’ ಅಂತಾರೆ. ಅಮ್ಮ ಊಟ ಬಿಟ್ಟಿದ್ದಾಳೆ. ನಾವೇ ಮೇಲಿನ ಕೋರ್ಟಿಗೆ ಹೋಗಬಹುದಾ?
– ಒಬ್ಬ ಅಕ್ಕ, ಪುಣೆ

ಉತ್ತರ: ಹೋಗಬಹುದು ತಾಯಿ. ‘ನೋಡೋಣ’ಕ್ಕೆ ಕಾಯಬೇಡಿ. ಸರ್ಕಾರದ ಮೇಲ್ಮನವಿಗೆ 90 ದಿನದ ಗಡುವಿದೆ. ನೀವು ಆ ಗಡುವಿನ ಒಳಗೇ ನಿಮ್ಮದನ್ನೂ ಹಾಕಿಬಿಡಿ.

2009ರ ಕೊನೆಯಿಂದ ನೊಂದವರಿಗೇ ಮೇಲ್ಮನವಿಯ ಹಕ್ಕು ಇದೆ. ಮೊದಲು ಹೈಕೋರ್ಟಿನ ಅನುಮತಿ ಬೇಕಾ ಬೇಡವಾ ಅಂತ ಜಗ್ಗಾಟ ಇತ್ತು. ಅದನ್ನು ಬಿಡಿಸಿದ್ದು ನಮ್ಮ ಕರ್ನಾಟಕದ್ದೇ ಕೇಸು, ಮಲ್ಲಿಕಾರ್ಜುನ ಕೊಡಗಲಿ, 2018. ಅನುಮತಿ ಬೇಡ ಅಂತ ಸುಪ್ರೀಂ ಕೋರ್ಟು ಹೇಳಿತು. ಮೇಲ್ಮನವಿಯನ್ನು ಅಮ್ಮನ ಹೆಸರಲ್ಲಿ ಹಾಕಿ. ತಮ್ಮನಿಗೆ ಮದುವೆ ಆಗಿದ್ದರೆ ಅವನ ಹೆಂಡತಿಯ ಹೆಸರಲ್ಲೂ ಹಾಕಬಹುದು. ವಾರಸುದಾರರು ಯಾರು ಅನ್ನೋ ತಕರಾರು ಬರಲ್ಲ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗ್ತಾರೆ. ಪುಣೆ ಜಿಲ್ಲಾ ಕೋರ್ಟಿನಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ. ಮರಾಠಿಯಲ್ಲಿ ‘ವಿಧೀ ಸೇವಾ’ ಅಂತ ಬೋರ್ಡು ಹುಡುಕಿ. ಪುಣೆಯವರು ಮುಂಬೈ ಹೈಕೋರ್ಟಿಗೇ ಬರಬೇಕು. ಕೊಲ್ಹಾಪುರದ ಹೊಸ ಪೀಠ ಸೊಲ್ಲಾಪುರ, ಸಾಂಗ್ಲಿ ಕಡೆಯವರಿಗೆ.

ಗೆಲ್ತೀರಿ ಅಂತ ನಾನು ಹೇಳಲ್ಲ. 2007ರ ಚಂದ್ರಪ್ಪ ಪ್ರಕರಣ, ಅದೂ ಕರ್ನಾಟಕದ್ದೇ, ಹೇಳೋದು ಇಷ್ಟು: ಒಮ್ಮೆ ಖುಲಾಸೆ ಆದವನ ನಿರ್ದೋಷಿತನ ಇನ್ನಷ್ಟು ಗಟ್ಟಿ ಆಗುತ್ತೆ. ಅದೇ ಸಾಕ್ಷ್ಯಕ್ಕೆ ಎರಡು ಅರ್ಥ ಸಾಧ್ಯ ಇದ್ದರೆ ಮೇಲಿನ ಕೋರ್ಟು ಖುಲಾಸೆಯನ್ನು ಮುಟ್ಟಬಾರದು. ಹಾಗಂತ ತಿರುಗಿದ ಕೇಸೇ ಇಲ್ಲ ಅಂತಲ್ಲ. ಗೋವಾದ ಅಂಜುನಾ ಬೀಚಿನಲ್ಲಿ 2008ರಲ್ಲಿ ಸತ್ತ ಬ್ರಿಟಿಷ್ ಹುಡುಗಿಯ ಕೇಸಲ್ಲಿ 2016ರಲ್ಲಿ ಇಬ್ಬರೂ ಬಿಡುಗಡೆ ಆದರು. 2019ರಲ್ಲಿ ಹೈಕೋರ್ಟು ಒಬ್ಬನಿಗೆ ಹತ್ತು ವರ್ಷ ಕೊಟ್ಟಿತು.

ಇನ್ನೊಂದು, ಇದನ್ನು ಯಾರೂ ನಿಮಗೆ ಹೇಳಿರಲ್ಲ. ಆರೋಪಿ ಬಿಡುಗಡೆ ಆದರೂ ನೊಂದವರಿಗೆ ಪರಿಹಾರ ಕೊಡಿಸಿ ಅಂತ ಕೋರ್ಟು ಶಿಫಾರಸು ಮಾಡಬಹುದು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಸೆಕ್ಷನ್. ಅದೇ ವಿಧೀ ಸೇವಾ ಕಚೇರಿಯಲ್ಲಿ ಅರ್ಜಿಯ ಬಗ್ಗೆ ಕೇಳಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ಹೊರಡುವ ಮುಂಚೆ ಎರಡು ತುತ್ತು ತಿನ್ನಿಸಿ, ಅಲ್ಲಿ ತುಂಬಾ ಹೊತ್ತು ಕಾಯಿಸ್ತಾರೆ.

ಪ್ರಶ್ನೆ: ಮೇಡಂ, ನಮ್ಮ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಕುಂದಾಪುರದ ಹುಡುಗ ಒಂದು ಕೊಲೆ ಕೇಸಲ್ಲಿ ನಾಲ್ಕು ವರ್ಷ ಒಳಗಿದ್ದು ಈಗ ಖುಲಾಸೆ ಆಗಿ ಬಂದಿದ್ದಾನೆ. ವಾಪಸ್ ಸೇರಿಸಿಕೊಂಡೆ. ಗಿರಾಕಿಗಳು ಗೊಣಗ್ತಾರೆ. ಕಾನೂನಿನ ತೊಡಕು ಇದೆಯಾ?
– ಹೋಟೆಲ್ ಮಾಲೀಕರು, ವಾಸ್ಕೋ

ಉತ್ತರ: ಯಾವ ತೊಡಕೂ ಇಲ್ಲ. ಮೇಲಿನ ಕೋರ್ಟು ಕರೆದರೆ ಬರ್ತೀನಿ ಅಂತ ಅವನು ಆರು ತಿಂಗಳ ಮುಚ್ಚಳಿಕೆ ಬರೆದುಕೊಟ್ಟಿರ್ತಾನೆ. ಅದರಲ್ಲಿರುವ ವಿಳಾಸ ಬದಲಾಗಿದ್ದರೆ ವಕೀಲರಿಗೆ ಹೇಳಿರಲಿ. ತೀರ್ಪಿನ ಪ್ರಮಾಣಿತ ಪ್ರತಿ ಒಂದು ನಿಮ್ಮ ಹತ್ತಿರವೂ ಇರಲಿ. ಗಿರಾಕಿಗಳಿಗೆ ತೋರಿಸೋದಕ್ಕಲ್ಲ, ಪೊಲೀಸರು ಸುಮ್ನೆ ವಿಚಾರಿಸಲು ಬಂದರೆ ಬೇಕಾಗುತ್ತೆ. ಗೊಣಗುವವರು ನಿಮ್ಮ ಸಾಂಬಾರಿಗೂ ಗೊಣಗುವವರೇ ಇರ್ತಾರೆ.

ಒಂದೇ ಮಾತು. ಅವನನ್ನು ಹಳೆಯ ಸಂಬಳಕ್ಕೆ ಸೇರಿಸಿಕೊಂಡಿದ್ದರೆ ಅದನ್ನು ಸರಿ ಮಾಡಿ. ಈ ನಾಲ್ಕು ವರ್ಷದಲ್ಲಿ ಸಪ್ಲೈಯರ್ ಪಗಾರ ಎಷ್ಟು ಏರಿದೆ ಅಂತ ನಿಮಗೇ ಗೊತ್ತು.