ಶಾಲೆ ಕಟ್ಟಿಸಿದ ಕಂಪನಿ ಒಳ್ಳೆಯ ಕಂಪನಿಯೇ?

ನಿಮ್ಮ ಪ್ರಶ್ನೆ ಇದು: "ನಮ್ಮೂರ ಹತ್ತಿರದ ಗಾರ್ಮೆಂಟ್ಸ್ ಕಂಪನಿ ಸಿಎಸ್‌ಆರ್ ದುಡ್ಡಲ್ಲಿ ಸರ್ಕಾರಿ ಶಾಲೆಗೆ ಕೊಠಡಿ ಕಟ್ಟಿಸಿದೆ. ಅಲ್ಲೇ ಹೊಲಿಗೆ ಕೆಲಸಕ್ಕೆ ಹೋಗುವ ನಮ್ಮಕ್ಕನಿಗೆ ಸಂಬಳ ಸಾಲುತ್ತಿಲ್ಲ, ಟಾರ್ಗೆಟ್ ಕಾಟ ಬೇರೆ. ಬಟ್ಟೆ ಎಲ್ಲ ವಿದೇಶಿ ಬ್ರ್ಯಾಂಡ್‌ಗಳಿಗೆ ಹೋಗುತ್ತದೆ. ಈ ಕಂಪನಿ ನ್ಯಾಯವಾಗಿ ನಡೆಯುತ್ತಿದೆ ಅನ್ನಬಹುದಾ?"

ಕೊಠಡಿ ನೋಡಿ ಹಾಗೆ ಹೇಳಲು ಬರುವುದಿಲ್ಲ. ನಿಮ್ಮಕ್ಕನ ಸಂಬಳದ ಚೀಟಿ ನೋಡಿದರೆ ಸ್ವಲ್ಪ ಹೇಳಬಹುದು. ಬ್ರ್ಯಾಂಡ್ ಆ ಕಾರ್ಖಾನೆಗೆ ಎಷ್ಟು ದರ ಕೊಟ್ಟಿದೆ ಎಂದು ಗೊತ್ತಾದರೆ ಇನ್ನೂ ಚೆನ್ನಾಗಿ ಹೇಳಬಹುದು. ನಾನು ಬೆಂಗಳೂರಿನ ರಫ್ತು ಗಾರ್ಮೆಂಟ್ಸ್‌ಗಳಲ್ಲಿ ಕಂಪ್ಲಯನ್ಸ್ (ನಿಯಮ ಪಾಲನೆ ನೋಡಿಕೊಳ್ಳುವ) ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಬಯರ್ (ಬಟ್ಟೆ ಕೊಳ್ಳುವ ಬ್ರ್ಯಾಂಡ್) ಕಡೆಯಿಂದ ತಪಾಸಣೆಗೆ ಆಡಿಟರ್ ಬಂದರೆ ಫೈಲು ಹಿಡಿದು ಜೊತೆಗೆ ಓಡಾಡುವವರು ನಾವೇ. ಹಾಗಾಗಿ ಒಳಗಿನಿಂದ ಕಂಡದ್ದನ್ನು ಬರೆಯುತ್ತೇನೆ.

ಮೊದಲು ಆ ಕೊಠಡಿಯ ಲೆಕ್ಕ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಒಂದು ಮಟ್ಟ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಅಂದರೆ ಇದೇ. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಇದನ್ನು ನಾನು ಕೀಳಾಗಿ ಕಾಣುವುದಿಲ್ಲ. ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿ ಕೆರೆ 2017ರಲ್ಲಿ ಮತ್ತೆ ತುಂಬಿದ್ದು ಒಂದು ಎಂಜಿನಿಯರಿಂಗ್ ಕಂಪನಿಯ ಸಿಎಸ್‌ಆರ್ ದುಡ್ಡಿನಿಂದಲೇ. ನಿಮ್ಮೂರಿನ ಮಕ್ಕಳಿಗೂ ಆ ಕೊಠಡಿ ಬೇಕಿತ್ತು, ಅಲ್ವಾ?

ಆದರೆ ಅದೇ ಕಾಯ್ದೆಯ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಕಂಪನಿಯ ನೌಕರರಿಗೆ ಮಾತ್ರ ಅನುಕೂಲವಾಗುವ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಇದು ಸರಿಯಾದ ನಿಯಮವೇ. ಕೂಲಿ, ಪಿಎಫ್, ಇಎಸ್‌ಐ, ಶಿಶುವಿಹಾರ ಇವೆಲ್ಲ ಕಂಪನಿ ಹೇಗಿದ್ದರೂ ಕೊಡಬೇಕಾದವು. ಅವನ್ನು ದಾನದ ಪಟ್ಟಿಗೆ ಸೇರಿಸಲು ಬಿಡಬಾರದು. ಅಂದರೆ ನಿಮ್ಮಕ್ಕನ ಸಂಬಳಕ್ಕೂ ಆ ಶೇ. 2ಕ್ಕೂ ಸಂಬಂಧವೇ ಇಲ್ಲ. ಕೊಠಡಿ ಕಟ್ಟಿಸಿದ್ದರಿಂದ ಸಂಬಳದ ಬಾಕಿ ತೀರುವುದಿಲ್ಲ.

ಈಗ ಟಾರ್ಗೆಟ್ ವಿಷಯ. ಒಂದು ಶರ್ಟಿನ ಕಾಲರ್, ಕಫ್, ತೋಳು, ಜೇಬು ಹೊಲಿಯಲು ತಲಾ ಎಷ್ಟು ನಿಮಿಷ ಬೇಕು ಎಂದು ಇಂಡಸ್ಟ್ರಿಯಲ್ ಎಂಜಿನಿಯರ್‌ಗಳು ಲೆಕ್ಕ ಹಾಕುತ್ತಾರೆ. ಅದನ್ನು 'ಸ್ಯಾಮ್' ಅಂತಾರೆ. ದೊಡ್ಡ ಬಯರ್‌ಗಳ ಹತ್ತಿರವೂ ಈ ಲೆಕ್ಕ ಇರುತ್ತದೆ. ಅವರು ಬೆಂಗಳೂರು, ಢಾಕಾ, ವಿಯೆಟ್ನಾಂ ಹೀಗೆ ಎಲ್ಲ ಕಡೆಯಿಂದ ದರ ತರಿಸಿ, ಯಾರದು ಕಡಿಮೆಯೋ ಅದನ್ನು ಮುಂದಿಟ್ಟು ಉಳಿದವರ ಜೊತೆ ಚೌಕಾಸಿ ಮಾಡುತ್ತಾರೆ. ಬಟ್ಟೆ, ಗುಂಡಿ, ದಾರ ಎಲ್ಲಿಂದ ತರಬೇಕು ಎಂದು ಬಹಳ ಸಲ ಬಯರೇ ಹೇಳುತ್ತಾನೆ. ಅಲ್ಲಿ ಕಾರ್ಖಾನೆ ಒಂದು ಪೈಸೆಯೂ ಉಳಿಸಲಾಗದು. ಉಳಿಯುವುದು ಹೊಲಿಗೆಯ ನಿಮಿಷ ಮಾತ್ರ. ದರ ಇಳಿದರೆ ಅಷ್ಟೇ ನಿಮಿಷದಲ್ಲಿ ಜಾಸ್ತಿ ಪೀಸ್ ತೆಗೆಯಬೇಕು. ಲೈನಿನಲ್ಲಿ ಗಂಟೆಗೆ ಎಂಬತ್ತು ಇದ್ದದ್ದು ನೂರಾಗುವುದು, ಸೂಪರ್‌ವೈಸರ್ ಕಿರುಚುವುದು, ಬಾತ್‌ರೂಮಿಗೆ ಹೋಗಲೂ ಹಿಂದೆಮುಂದೆ ನೋಡುವುದು, ಎಲ್ಲ ಶುರುವಾಗುವುದು ಇಲ್ಲಿಂದ.

ಅಷ್ಟೇ ಅಲ್ಲ. ಸ್ಯಾಂಪಲ್ ಒಪ್ಪಿಗೆ ಕೊಡಲು ಬಯರ್ ಎರಡು ವಾರ ತಡ ಮಾಡುತ್ತಾನೆ. ಶಿಪ್‌ಮೆಂಟ್ ತಾರೀಕು ಮಾತ್ರ ಅಲುಗಾಡುವುದಿಲ್ಲ. ಆ ಎರಡು ವಾರವನ್ನು ಓಟಿ (ಹೆಚ್ಚುವರಿ ಗಂಟೆಯ ಕೆಲಸ) ಮಾಡಿಸಿ ತುಂಬಬೇಕು. ಆಗಲೂ ತಪ್ಪಿದರೆ ಮಾಲನ್ನು ಹಡಗಿನ ಬದಲು ವಿಮಾನದಲ್ಲಿ ಕಳಿಸಬೇಕು, ಆ ಖರ್ಚು ಬಹಳ ಸಲ ಕಾರ್ಖಾನೆಯದ್ದೇ. ಇದೇ ಬ್ರ್ಯಾಂಡಿನ ವೆಬ್‌ಸೈಟಿನಲ್ಲಿ 'ಕಾರ್ಮಿಕರ ಘನತೆ' ಎಂದು ದೊಡ್ಡದಾಗಿ ಬರೆದಿರುತ್ತದೆ. ಆ ಮಾತು ಬರೆದ ವಿಭಾಗ ಬೇರೆ, ದರ ಮಾತಾಡುವ ವಿಭಾಗ ಬೇರೆ. ನನ್ನ ಪ್ರಕಾರ ಕಂಪನಿಯ ನೀತಿ ತಿಳಿಯಬೇಕಾದರೆ ಈ ಎರಡನೆಯವರ ಬಾಗಿಲಲ್ಲಿ ನಿಲ್ಲಬೇಕು.

ಹಾಗಾದರೆ ಆಡಿಟ್ ಯಾಕಿದೆ ಎಂದು ಕೇಳುತ್ತೀರಿ. ಆಡಿಟ್ ಪೂರ್ತಿ ವ್ಯರ್ಥ ಎಂದು ನಾನು ಹೇಳುವುದಿಲ್ಲ. ಬಾಗಿಲ ಮುಂದಿನ ರಟ್ಟಿನ ಪೆಟ್ಟಿಗೆಗಳು ಜಾಗ ಖಾಲಿ ಮಾಡಿದ್ದು, ಫೈರ್ ಡ್ರಿಲ್ ನಡೆದದ್ದು, ಕುಡಿಯುವ ನೀರು ಬಂದದ್ದು ಆಡಿಟ್‌ನಿಂದಲೇ. ಆದರೆ ನಾನಿದ್ದ ಒಂದು ಕಡೆ ಆಡಿಟ್ ದಿನ ಮೊದಲೇ ಗೊತ್ತಾಗುತ್ತಿತ್ತು. ಏನು ಕೇಳಿದರೆ ಏನು ಹೇಳಬೇಕು ಎಂದು ಹೆಣ್ಣುಮಕ್ಕಳಿಗೆ ಹಿಂದಿನ ದಿನವೇ ಹೇಳಿಕೊಡುತ್ತಿದ್ದರು. ಆಡಿಟರ್‌ಗೂ ಒಂದೆರಡು ದಿನದಲ್ಲಿ ಮುಗಿಸಿ ಹೊರಡುವ ಅವಸರ. ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ 2012ರ ಸೆಪ್ಟೆಂಬರ್ 11ರಂದು ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಕೆಲವೇ ವಾರ ಮೊದಲು ಆ ಕಾರ್ಖಾನೆಗೆ, ಕಾರ್ಮಿಕರನ್ನು ಸರಿಯಾಗಿ ನೋಡಿಕೊಳ್ಳುತ್ತದೆ ಎನ್ನುವ ಎಸ್‌ಎ 8000 ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು. ಈ ಸುದ್ದಿ ಓದಿದ ಮೇಲೆ ನನಗೆ ಗೋಡೆಗೆ ತೂಗುಹಾಕಿದ ಯಾವ ಪ್ರಮಾಣಪತ್ರದ ಮೇಲೂ ಮೊದಲಿನ ನಂಬಿಕೆ ಉಳಿಯಲಿಲ್ಲ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಇದು ಎಲ್ಲರಿಗೂ ಗೊತ್ತಾಗಬೇಕು. ಕರ್ನಾಟಕದಲ್ಲಿ ಕನಿಷ್ಠ ವೇತನದ ಜೊತೆ ಪ್ರತಿ ಏಪ್ರಿಲ್‌ನಲ್ಲಿ ಬೆಲೆ ಏರಿಕೆಗೆ ತಕ್ಕಂತೆ ತುಟ್ಟಿಭತ್ಯೆ ಸೇರುತ್ತದೆ. 2020ರಲ್ಲಿ ಅದು ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ಕಾರಣ ಕೊಟ್ಟು ರಾಜ್ಯ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಕಾರ್ಮಿಕ ಸಂಘ ಹೈಕೋರ್ಟಿಗೆ ಹೋಯಿತು. ಬಾಕಿ ಸಮೇತ ಕೊಡಿ ಎಂದು ಸೆಪ್ಟೆಂಬರ್ 2020ರಲ್ಲಿ ಕೋರ್ಟ್ ಹೇಳಿತು. ಆದರೂ ಬಹುತೇಕ ಗಾರ್ಮೆಂಟ್ಸ್‌ಗಳು ಕೊಡಲಿಲ್ಲ. 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಈ ದುಡ್ಡು ಬಾಕಿಯಾಯಿತು.

417 ರೂಪಾಯಿ ಏನು ಮಹಾ ಎಂದು ಅನಿಸಬಹುದು. ವರ್ಷಕ್ಕೆ ಐದು ಸಾವಿರ ಆಯಿತು. ಹತ್ತು ಸಾವಿರದ ಆಸುಪಾಸಿನ ಸಂಬಳದಲ್ಲಿ ಬಾಡಿಗೆ ಮನೆ ನಡೆಸುವವಳಿಗೆ ಅದು ಮಗುವಿನ ಶಾಲೆ ಫೀಸು. ಈಗ ಬ್ರ್ಯಾಂಡ್‌ಗಳ ಕಡೆ ನೋಡಿ. ಸ್ಥಳೀಯ ಕನಿಷ್ಠ ವೇತನ ಕೊಡಲೇಬೇಕು ಎಂಬ ಸಾಲು ಹೆಚ್ಚುಕಡಿಮೆ ಎಲ್ಲ ದೊಡ್ಡ ಬ್ರ್ಯಾಂಡ್‌ಗಳ ನೀತಿಸಂಹಿತೆಯಲ್ಲೂ ಇದೆ. ಆದರೂ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಈ ಬಾಕಿ ಹಾಗೇ ಉಳಿಯಿತು. ಕೊನೆಗೆ ಸಂಘಗಳು ಹಿಡಿದ ಹಟ, ಕಾರ್ಮಿಕರ ಹಕ್ಕುಗಳ ಮೇಲೆ ನಿಗಾ ಇಡುವ ಅಮೆರಿಕದ ಸಂಸ್ಥೆ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎತ್ತಿದ ದನಿ, ವಿದೇಶಿ ಪತ್ರಿಕೆಗಳ ವರದಿ, ಬ್ರ್ಯಾಂಡ್‌ಗಳ ಒತ್ತಡ ಎಲ್ಲ ಸೇರಿ 2022ರ ಆರಂಭದಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು. ಬ್ರ್ಯಾಂಡ್ ಮನಸ್ಸು ಮಾಡಿದರೆ ಆಗುತ್ತದೆ ಎಂದು ಇದರಿಂದ ತಿಳಿಯಿತು. ಅಷ್ಟು ದಿನ ಮನಸ್ಸು ಮಾಡಲಿಲ್ಲ ಎಂಬುದೂ ತಿಳಿಯಿತು. ಆ ಅವಧಿಯಲ್ಲಿ ಕೆಲಸ ಬಿಟ್ಟು ಊರಿಗೆ ಹೋದವರನ್ನು ಹುಡುಕಿ ಕೊಡುವುದು ಎಷ್ಟು ಕಷ್ಟ, ನೀವೇ ಯೋಚಿಸಿ.

ಬದಲಾವಣೆ ಆಗುವುದು ಹೇಗೆ ಎಂದರೆ, ಮಾತನ್ನು ಕರಾರಾಗಿ ಮಾಡಿದಾಗ. ಢಾಕಾ ಹತ್ತಿರದ ರಾಣಾ ಪ್ಲಾಜಾ ಕಟ್ಟಡ 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕಿನವರು ಬರಲಿಲ್ಲ, ಹೊಲಿಗೆಯವರನ್ನು ಮಾತ್ರ ಒಳಗೆ ಕಳಿಸಿದರು. ಆಮೇಲೆ ಕಾರ್ಖಾನೆ ಸುರಕ್ಷತೆಗಾಗಿ ಬಂದ ಬಾಂಗ್ಲಾದೇಶ ಅಕಾರ್ಡ್ ಒಪ್ಪಂದಕ್ಕೆ 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಸಹಿ ಹಾಕಿದವು. ಅದರಲ್ಲಿ ಕಾರ್ಮಿಕ ಸಂಘಗಳೂ ಸಹಿ ಮಾಡಿದ ಪಕ್ಷ. ತಪಾಸಣೆ ವರದಿ ಬಹಿರಂಗ. ರಿಪೇರಿ ಮಾಡದ ಕಾರ್ಖಾನೆಯಿಂದ ಮಾಲು ಕೊಳ್ಳುವಂತಿಲ್ಲ. ಬ್ರ್ಯಾಂಡ್ ಮಾತು ತಪ್ಪಿದರೆ ಕಾನೂನು ಬಲವಿರುವ ಮಧ್ಯಸ್ಥಿಕೆಗೆ (ಆರ್ಬಿಟ್ರೇಷನ್) ಎಳೆಯಬಹುದು. ಇದರಿಂದ ಅಲ್ಲಿನ ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳ ವೈರಿಂಗ್, ಬಾಗಿಲು, ಕಂಬ ಸರಿಯಾದವು. ಫ್ರಾನ್ಸ್ 2017ರಲ್ಲಿ, ಜರ್ಮನಿ 2023ರಲ್ಲಿ ತಮ್ಮ ದೊಡ್ಡ ಕಂಪನಿಗಳು ಹೊರದೇಶದ ಸರಬರಾಜುದಾರರ ಕಡೆಗೂ ಕಣ್ಣಿಡಬೇಕು ಎಂಬ ಕಾನೂನು ಜಾರಿಗೆ ತಂದವು. ಯುರೋಪಿನಲ್ಲಿ 2025ರಲ್ಲಿ ಇಂಥ ಕಾನೂನುಗಳನ್ನು ಸಡಿಲ ಮಾಡುವ ಪ್ರಯತ್ನ ಶುರುವಾಯಿತು. ನನಗೆ ಅದು ತುಂಬಾ ಬೇಸರದ ಸಂಗತಿ.

ಇನ್ನು ನೀವು ಮಾಡಬಹುದಾದದ್ದು. ಆ ಕಂಪನಿ ಷೇರುಪೇಟೆಯಲ್ಲಿದೆಯಾ ನೋಡಿ. ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ 2022–23ರಿಂದ ಬಿಆರ್‌ಎಸ್‌ಆರ್ (ವ್ಯವಹಾರದ ಜವಾಬ್ದಾರಿ ಮತ್ತು ಸುಸ್ಥಿರತೆ) ಎಂಬ ವರದಿ ಕೊಡಲೇಬೇಕು. ವಾರ್ಷಿಕ ವರದಿಯ ಜೊತೆಗೇ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕನಿಷ್ಠ ವೇತನದಷ್ಟೇ ಪಡೆಯುವವರು ಎಷ್ಟು, ಅದಕ್ಕಿಂತ ಹೆಚ್ಚು ಪಡೆಯುವವರು ಎಷ್ಟು ಎಂದು ಹೆಣ್ಣು-ಗಂಡು ಬೇರೆ ಮಾಡಿ ಕೊಟ್ಟ ಪಟ್ಟಿ ಇರುತ್ತದೆ. ಅಪಘಾತ, ಲೈಂಗಿಕ ಕಿರುಕುಳದ ದೂರುಗಳ ಲೆಕ್ಕವೂ ಇರುತ್ತದೆ. ದೂರು ಸೊನ್ನೆ ಎಂದಿದ್ದರೆ ಖುಷಿಪಡಬೇಡಿ. ಸಾವಿರಾರು ಹೆಣ್ಣುಮಕ್ಕಳಿರುವ ಕಡೆ ಸೊನ್ನೆ ಎಂದರೆ ದೂರು ಕೊಡಲು ಹೆದರುತ್ತಿದ್ದಾರೆ ಎಂದೇ ನಾನು ಅನುಮಾನಿಸುತ್ತೇನೆ.

ಲಿಸ್ಟ್ ಆಗದ ಕಂಪನಿಯಾದರೆ ಬ್ರ್ಯಾಂಡಿನ ಕಡೆಯಿಂದ ಹುಡುಕಿ. ಹಲವು ದೊಡ್ಡ ಬ್ರ್ಯಾಂಡ್‌ಗಳು ತಮಗೆ ಹೊಲಿದುಕೊಡುವ ಕಾರ್ಖಾನೆಗಳ ಹೆಸರು, ವಿಳಾಸ ಪ್ರಕಟಿಸುತ್ತವೆ. ನಿಮ್ಮಕ್ಕನ ಲೈನಿನಲ್ಲಿ ಹೊಲಿಯುವ ಲೇಬಲ್ ಯಾವುದು ಕೇಳಿಕೊಳ್ಳಿ. ಸಂಬಳದ ಚೀಟಿಯಲ್ಲಿ ಈ ಏಪ್ರಿಲ್‌ನ ತುಟ್ಟಿಭತ್ಯೆ ಸೇರಿದೆಯಾ, ಓಟಿಗೆ ಎರಡು ಪಟ್ಟು ಬಂದಿದೆಯಾ ನೋಡಿ. ಇಲ್ಲದಿದ್ದರೆ ಅಕ್ಕ ಒಬ್ಬರೇ ಹೋಗಿ ಹೆಚ್‌ಆರ್ ಹತ್ತಿರ ಕೇಳುವುದು ಬೇಡ. ಲೈನಿನ ನಾಲ್ಕೈದು ಜನ ಸೇರಿ ಸಂಘದವರ ಹತ್ತಿರ ಹೋಗಲಿ, ಚೀಟಿಗಳ ಫೋಟೊ ಜೊತೆಗಿರಲಿ.